ಕಲ್ಲಪ್ಪನವರ ಹರಿಗೋಲು

ಸೋಲುವುದು ನನಗೆ ಹೊಸದೇನಲ್ಲ. ಮನೆಯಲ್ಲಿ ಹೆಂಡತಿಯೊಡನೆ ವಾದದಲ್ಲಿ ಸೋಲುತ್ತೇನೆ, ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಯೊಡನೆ ಚೌಕಾಸಿಯಲ್ಲಿ ಸೋಲುತ್ತೇನೆ, ಶಾಲೆಯಲ್ಲಿ ನಾನೇ ಕಲಿಸಿದ ಮಕ್ಕಳು ನಾನು ಬೋರ್ಡಿನ ಮೇಲೆ ಲೆಕ್ಕ ಮುಗಿಸುವ ಮೊದಲೇ ಉತ್ತರ ಹೇಳಿ ನನ್ನನ್ನು ಸೋಲಿಸುತ್ತಾರೆ. ಇವೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಸೋಲುಗಳು. ಗೆದ್ದವರಿಗೊಂದು ಮುಖ ಇರುತ್ತದೆ, ಗೆದ್ದ ಮೇಲೆ ಬೀಗುವ ಸ್ವಭಾವ ಇರುತ್ತದೆ. ಸೋತವನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಆದರೆ ಈಗ ಕೆಲವು ತಿಂಗಳಿಂದ ನಾನು ಸೋಲುತ್ತಿರುವುದು ಒಂದು ಕಲ್ಲಿಗೆ. ಅದು ಬೀಗುವುದಿಲ್ಲ, ಹಂಗಿಸುವುದಿಲ್ಲ. ಅದನ್ನು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಸಂಜೆ ಕೆರೆಯ ಮೇಲೆ ನಡೆಯುವ ಹಾಯಿದೋಣಿ ಪಂದ್ಯದಲ್ಲಿ ಅದು ನನಗಿಂತ ಮೊದಲು ಹೋಗಿ ಆ ದಡದಲ್ಲಿ ಕಾಯುತ್ತ ಕುಳಿತಿರುತ್ತದೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ನನ್ನನ್ನು ಶ್ರೀಮಂತನೆಂದು ತಿಳಿದೀರಿ. ನಾನು ಮಾನ್ವಿಯಲ್ಲಿ ಗಣಿತದ ಮಾಸ್ತರ. ರಾಯಚೂರಿನಲ್ಲಿ ಹುಟ್ಟಿ ಬೆಳೆದು, ವರ್ಗವಾಗಿ ಇಲ್ಲಿಗೆ ಬಂದವನು. ಬಂದ ಹೊಸದರಲ್ಲಿ ಸಂಜೆ ಹೊತ್ತು ಏನು ಮಾಡಬೇಕೆಂದು ತೋಚದೆ ಬಸ್ ನಿಲ್ದಾಣಕ್ಕೆ ಹೋಗಿ ರಾಯಚೂರಿಗೆ ಹೊರಡುವ ಬಸ್ಸುಗಳನ್ನು ನೋಡುತ್ತ ನಿಂತಿರುತ್ತಿದ್ದೆ. ಐವತ್ತು ದಾಟಿದ ಮೇಲೆ ಹೊಸ ಗೆಳೆಯರು ಸಿಗುವುದೆಂದರೆ ಹೊಸ ಹಲ್ಲು ಬಂದ ಹಾಗೆ. ನನ್ನ ಪುಣ್ಯಕ್ಕೆ ಇಬ್ಬರು ಸಿಕ್ಕರು. ಒಬ್ಬ ಶರಣಪ್ಪ, ಅಕ್ಕಿ ಗಿರಣಿಯ ಮಾಲೀಕ. ಇನ್ನೊಬ್ಬ ಖಾಜಾ, ಮದುವೆ ಮುಂಜಿಗಳಿಗೆ ಶಾಮಿಯಾನಾ ಹಾಕುವವನು. ಇವರಿಬ್ಬರನ್ನು ಬಿಟ್ಟರೆ ಈ ಊರಿನಲ್ಲಿ ನನ್ನನ್ನು ಯಾರೂ ಸಂಜೆ ಬಾ ಎಂದು ಕರೆಯುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದೆಲ್ಲ ಕೇಳಿ, ಅಷ್ಟು ಹೆದರಿಕೆಯಾಗಿದ್ದರೆ ಅಲ್ಲಿಗೆ ಹೋಗುವುದನ್ನೇ ಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಿಟ್ಟು ಎಲ್ಲಿಗೆ ಹೋಗಲಿ?

ಈ ಹುಚ್ಚು ಹತ್ತಿಸಿದವನು ಶರಣಪ್ಪ. ಅವನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ಸಂಜೆ ಮೈಗೆ ಗಾಳಿ ತಾಗಬೇಕು, ವ್ಯಾಯಾಮ ಆಗಬೇಕು ಎಂದಿದ್ದರಂತೆ. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಹಾಯಿದೋಣಿ ಪಂದ್ಯ ನೋಡಿದವನೇ ನಮ್ಮಿಬ್ಬರನ್ನು ಕರೆಸಿದ. "ನೋಡ್ರಿ ಮಾಸ್ತರ್, ಎಲ್ಲಾ ಕೆಲಸ ಗಾಳಿನೇ ಮಾಡ್ತದ. ನಾವು ಬರೇ ಕುಂಡ್ರೂದು. ಡಾಕ್ಟ್ರು ನನಗ ಹೇಳಿದ್ದು ಇಂಥಾ ವ್ಯಾಯಾಮಾನ" ಎಂದ. ಅವನ ಗಿರಣಿಯ ಹಿಂದೆಯೇ, ನೀರಮಾನ್ವಿಯ ಕಡೆಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಕೆರೆಯಿದೆ. ಕಾಲುವೆಗೆ ನೀರು ಬಿಟ್ಟಾಗ ತುಂಬುತ್ತದೆ, ಆಳ ಹೆಚ್ಚಿಲ್ಲ. ದೋಣಿಗೆ ಬದಲು ಹರಿಗೋಲು. ದೇವದುರ್ಗದ ಕಡೆ ಕೃಷ್ಣೆಯ ದಂಡೆಯ ಊರೊಂದರಿಂದ ಹಳೆಯ ಹರಿಗೋಲುಗಳನ್ನು ಭತ್ತದ ಲಾರಿಯಲ್ಲಿ ಹೇರಿಸಿಕೊಂಡು ಬಂದ. ಹಾಯಿಗೆ ಖಾಜಾ ತನ್ನ ಗೋದಾಮಿನಿಂದ ಕೆಂಪು ಹಳದಿ ಪಟ್ಟೆಯ ಶಾಮಿಯಾನಾ ಬಟ್ಟೆ ಹರಿದು ಕೊಟ್ಟ, ಬಿದಿರು ಗಳವನ್ನೂ ಅವನೇ ನಿಲ್ಲಿಸಿದ. ದೂರದಿಂದ ನೋಡಿದವರಿಗೆ ಯಾರದೋ ಮದುವೆ ಮಂಟಪ ನೀರಿಗೆ ಜಾರಿ ಹೋಗುತ್ತಿದೆ ಅನ್ನಿಸುತ್ತಿತ್ತಂತೆ. ಮುಳುಗದಿರಲೆಂದು ಹೊಟ್ಟೆಗೆ ಎಣ್ಣೆಯ ಖಾಲಿ ಕ್ಯಾನುಗಳನ್ನು ಕಟ್ಟಿಕೊಳ್ಳುತ್ತಿದ್ದೆವು.

ಹರಿಗೋಲು ಗುಂಡಗಿರುತ್ತದೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಗಾಳಿ ಹಾಯಿಗೆ ತುಂಬಿಕೊಂಡ ಕೂಡಲೆ ಅದು ಮುಂದೆ ಹೋಗುವುದರ ಜೊತೆಗೆ ತಿರುಗಲೂ ತೊಡಗುತ್ತದೆ. ಆಚೆ ದಡದ ಹಳೆಯ ಪಂಪ್‌ಹೌಸು ನಮ್ಮ ಗುರಿ. ಅದರ ಕಡೆಗೆ ಮುಖ ಮಾಡಿ ಹೊರಟರೆ ಅರ್ಧ ಕೆರೆ ದಾಟುವಷ್ಟರಲ್ಲಿ ಗಿರಣಿಯ ಚಿಮಣಿಯನ್ನು ನೋಡುತ್ತಿರುತ್ತೀರಿ. ಗೆಲ್ಲುವ ಹೊತ್ತಿಗೆ ಗೆಲುವಿಗೆ ಬೆನ್ನು ಮಾಡಿ ಕುಳಿತಿರುವ ಆಟ ಇದೊಂದೇ ಇರಬೇಕು. ಪಂದ್ಯ ಮುಗಿದ ಮೇಲೆ ಪಂಪ್‌ಹೌಸಿನ ಕಟ್ಟೆಯ ಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ. ಆ ತಿಂಗಳುಗಳಲ್ಲಿ ನನಗೆ ಶಾಲೆಯ ಕೊನೆಯ ಗಂಟೆಯ ಮೇಲೆ ಮಕ್ಕಳಿಗಿಂತ ಹೆಚ್ಚು ಪ್ರೀತಿಯಿತ್ತು.

ತೊಡಕು ಶುರುವಾದದ್ದು ಶರಣಪ್ಪನ ತಾಯಿಯಿಂದ. ಗಿರಣಿಯ ಅಂಗಳದ ಬಾಗಿಲಲ್ಲಿ ಹೊರಸಿನ ಮೇಲೆ ಕೂಡುವ ಮುದುಕಿ. ಕೆರೆಗೆ ಹೋಗಬೇಕೆಂದರೆ ಅವರ ಕಣ್ಣು ತಪ್ಪಿಸಿ ಹೋಗುವ ದಾರಿಯೇ ಇಲ್ಲ. ಮೊದಲ ಸಂಜೆಯೇ ನಮ್ಮನ್ನು ತಡೆದರು.

"ಮೂರು ಮಂದಿ ಹೊಂಟೀರಲ್ಲ, ಅದೂ ನೀರಿನ ಮ್ಯಾಲ. ನಾಕನೇದ್ದು ಒಂದು ಕಲ್ಲು ಹಿಡ್ಕೊಂಡು ಹೋಗ್ರಿ."

ನಮ್ಮ ಕಡೆ ಮೂರು ಜನ ಕೂಡಿ ಯಾವ ಕೆಲಸಕ್ಕೂ ಹೊರಡುವುದಿಲ್ಲ. ಹೆಣ್ಣು ನೋಡಲು ಹೋಗುವಾಗಲೂ ಮೂವರಿದ್ದರೆ ಒಬ್ಬರ ಜೇಬಿನಲ್ಲಿ ಒಂದು ಹರಳುಕಲ್ಲು ಇರುತ್ತದೆ. ಅದೇ ನಾಲ್ಕನೆಯವರು. ಕೆಲಸ ಮುಗಿದ ಮೇಲೆ ಅದನ್ನು ದಾರಿಯಲ್ಲೇ ಎಸೆದುಬಿಡುತ್ತಾರೆ. ನಾನು ಗಣಿತದವನು, ಮೂರರಲ್ಲಿ ಇಂಥ ದೋಷ ನಾನು ಎಲ್ಲೂ ಕಂಡಿಲ್ಲ. ಆದರೂ ನನ್ನ ಮದುವೆಯ ಮಾತಿಗೆ ಹೋಗುವಾಗ ನಮ್ಮಪ್ಪನ ಅಂಗಿಯಲ್ಲಿ ಕಲ್ಲಿತ್ತು. ಖಾಜಾನನ್ನು ನೋಡಿದೆ. "ನಮ್ಮ ಮನ್ಯಾಗ ದಾದಿಮಾ ಇದನ್ನ ಹೇಳ್ತಿದ್ದಳು ಮಾಸ್ತರ್ ಸಾಬ್. ಕಲ್ಲು ಹಿಡ್ಕೊಂಡ್ರ ನಮ್ದೇನು ಹೋಗ್ತದ" ಎಂದ. ಶರಣಪ್ಪ ಗಿರಣಿಯವನು, ಯಾವುದನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲ. ಹರಳುಕಲ್ಲಿನ ಬದಲು ತೆಂಗಿನಕಾಯಿಯಷ್ಟು ದೊಡ್ಡ ಕಲ್ಲೊಂದನ್ನು ಎತ್ತಿಕೊಂಡ. ಕರಿಯ ಕಲ್ಲು, ಅದರ ಒಂದು ಮಗ್ಗುಲಿಗೆ ಅಡ್ಡವಾಗಿ ಬಿಳಿ ಗೆರೆ.

ಜಗಳ ಬಂದದ್ದು ಅದನ್ನು ಯಾರು ಒಯ್ಯಬೇಕೆಂದು. ಕಲ್ಲು ಹಾಕಿಕೊಂಡವನ ಹರಿಗೋಲು ಭಾರವಾಗುತ್ತದೆ, ಭಾರವಾದವನು ಸೋಲುತ್ತಾನೆ. ಮೊದಲ ದಿನ ನನ್ನದರಲ್ಲಿ ಹಾಕಿದರು, ಸೋತೆ. ಎರಡನೆಯ ದಿನ ಶರಣಪ್ಪನದರಲ್ಲಿ ಹಾಕಿದೆವು, ಅವನು ಸೋತು ಮಿರ್ಚಿ ತಿನ್ನದೆ ಮುನಿಸಿಕೊಂಡ. ಆಗ ಖಾಜಾ ಒಂದು ದಾರಿ ತೋರಿಸಿದ. ದೇವದುರ್ಗದಿಂದ ತಂದ ಹರಿಗೋಲುಗಳಲ್ಲಿ ಮೀನುಗಾರರ ಒಂದು ಸಣ್ಣದೂ ಇತ್ತು. "ಆಡೋ ಮಂದಿ ಅಂದಮ್ಯಾಲ ಅವನಿಗೂ ತನ್ನದೊಂದು ಇರ್ಲಿ" ಎಂದು ಕಲ್ಲನ್ನು ಅದರ ನಡುವೆ ಕೂಡಿಸಿದ, ಉಳಿದ ಬಟ್ಟೆಯ ತುಂಡೊಂದನ್ನು ಹಾಯಿ ಮಾಡಿ ಕಟ್ಟಿದ. ಒಂದು ಹೆಸರು ಬೇಕಾಯಿತು. ಕಲ್ಯಾ ಎಂದೆವು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದಿನಾ ಹೊಸ ಕಲ್ಲು ಹುಡುಕುವುದು ಬೇಸರವೆಂದು ಅದನ್ನು ಎಸೆಯದೆ ಹಾಗೇ ಇಟ್ಟುಕೊಂಡೆವು. ಸಂಜೆ ಮುಗಿದ ಮೇಲೆ ಅದರ ಹರಿಗೋಲನ್ನೇ ಅದರ ಮೇಲೆ ಬೋರಲು ಹಾಕಿ ಮನೆಗೆ ಹೋಗುತ್ತಿದ್ದೆವು.

ಕಲ್ಯಾ ಮೊದಲ ಸಲ ಗೆದ್ದಾಗ ಇನ್ನೂ ಹೆಚ್ಚು ನಕ್ಕೆವು. ಹರಿಗೋಲು ಸಣ್ಣದು, ಹಗುರ, ನಮ್ಮಂತೆ ನಡುದಾರಿಯಲ್ಲಿ ಎದ್ದು ನಿಂತು ಒಬ್ಬರನ್ನೊಬ್ಬರು ಬೈಯುವ ಚಟ ಅದಕ್ಕಿಲ್ಲ. ಇಷ್ಟೆಲ್ಲ ಅನುಕೂಲವಿದ್ದವನು ಗೆಲ್ಲದೆ ಏನು ಮಾಡಿಯಾನು? ನಾನು ಮಿರ್ಚಿ ಕಟ್ಟಿದ ಕಾಗದದ ಮೇಲೆ ಬಾಣಗಳನ್ನು ಬರೆದು ಇಬ್ಬರಿಗೂ ವಿವರಿಸಿದೆ. ಎರಡನೆಯ ಸಲ ಗೆದ್ದಾಗ ಕಾಲುವೆಯಿಂದ ಬೀಳುವ ನೀರಿನ ಸೆಳೆತದ ಬಗ್ಗೆ ಹೇಳಿದೆ. ಮೂರನೆಯ ಸಲ ಗೆದ್ದಾಗ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ವಾರ ಕಾಲುವೆಗೆ ನೀರು ಬಿಟ್ಟಿರಲಿಲ್ಲ.

ಆಮೇಲೊಂದು ಸಂಜೆ ಗಾಳಿ ತಿರುಗಿತು. ಪಂಪ್‌ಹೌಸಿನ ಕಡೆಯಿಂದ ನಮ್ಮ ಎದೆಗೇ ಬಡಿಯುವ ಹಾಗೆ ಬೀಸತೊಡಗಿತು. ಹಾಯಿ ಕಟ್ಟಿದ ಹರಿಗೋಲು ಗಾಳಿ ಹೊಡೆದ ಕಡೆಗೆ ಹೋಗುವುದೇ ಹೊರತು ಎದುರಿಗೆ ಹೋಗುವುದಿಲ್ಲ. ನಾವು ಮೂವರೂ ಏರಿಯ ಕಲ್ಲುಗಳಿಗೆ ಒತ್ತಿಕೊಂಡು ನಿಂತಲ್ಲೇ ಬುಗುರಿಯಂತೆ ತಿರುಗಿದೆವು. ತಿರುಗುತ್ತ ತಿರುಗುತ್ತ ಒಂದು ಸುತ್ತಿನಲ್ಲಿ ನೋಡುತ್ತೇನೆ, ಸಣ್ಣ ಹರಿಗೋಲು ಕೆರೆಯ ನಡುವಿದೆ. ಮುಂದಿನ ಸುತ್ತಿನಲ್ಲಿ ನೋಡುತ್ತೇನೆ, ಇನ್ನೂ ಆಚೆಗಿದೆ. ಅದು ತಿರುಗುತ್ತಿರಲಿಲ್ಲ. ಹಾಯಿ ನಮ್ಮ ಕಡೆಗೆ ಉಬ್ಬಿತ್ತು, ಹರಿಗೋಲು ಆಚೆ ಕಡೆಗೆ ಹೋಗುತ್ತಿತ್ತು. ಮುಳುಗುವ ಬಿಸಿಲು ನೀರಿನ ಮೇಲೆ ಕೆಂಪಗೆ ಬಿದ್ದು ಕಣ್ಣು ಕುಕ್ಕುತ್ತಿದ್ದುದರಿಂದ ಸರಿಯಾಗಿ ಕಾಣಲಿಲ್ಲ ಎಂದು ನಾನು ಹೇಳಬಹುದು. ಮನೆಯಲ್ಲಿ ಸುಧಾಳಿಗೆ, ಅಂದರೆ ನನ್ನ ಹೆಂಡತಿಗೆ, ಹಾಗೆಯೇ ಹೇಳಿದೆ. ನಾವು ಏರಿಯ ಮೇಲೆ ನಡೆದು ಪಂಪ್‌ಹೌಸು ತಲುಪಿದಾಗ ಅದು ಕಟ್ಟೆಗೆ ತಾಗಿ ನಿಂತಿತ್ತು. ಹರಿಗೋಲಿನ ತಳದಲ್ಲಿ ನೀರು ನಿಂತಿತ್ತು, ಹಾಯಿ ತೊಯ್ದಿತ್ತು, ಕಲ್ಲು ಒಣಗಿತ್ತು. ಹೊರಡುವಾಗ ಬಿಳಿ ಗೆರೆಯನ್ನು ಪಂಪ್‌ಹೌಸಿನ ಕಡೆಗೆ ಮಾಡಿ ಕೂಡಿಸಿದ್ದು ನಾನೇ. ಈಗ ಗೆರೆ ನಮ್ಮ ಕಡೆಗಿತ್ತು. ಅಂದು ಖಾಜಾ ಮಿರ್ಚಿಯನ್ನು ನಾಲ್ಕು ಪಾಲು ಮಾಡಿದ. ನಾಲ್ಕನೆಯ ಪಾಲನ್ನು ಯಾರೂ ಮುಟ್ಟಲಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ವಾಕಿಂಗಿಗೆಂದು ಏರಿಯ ಮೇಲೆ ಹೋದವನು, ಸುಮ್ಮನಿರಲಾರದೆ, ಬೋರಲು ಹಾಕಿದ್ದ ಸಣ್ಣ ಹರಿಗೋಲನ್ನು ಎತ್ತಿ ನೋಡಿದೆ. ಕಲ್ಲು ತೊಪ್ಪನೆ ತೊಯ್ದಿತ್ತು. ಸುತ್ತಲಿನ ಮಣ್ಣು ಒಣಗಿತ್ತು, ಕಲ್ಲಿನಿಂದ ಮಾತ್ರ ಹನಿ ಇಳಿಯುತ್ತಿತ್ತು. ನಾವಿಲ್ಲದಾಗ ಒಬ್ಬನೇ ಅಭ್ಯಾಸ ಮಾಡುತ್ತಾನೋ ಎಂದು ತಮಾಷೆಯಾಗಿ ಅಂದುಕೊಳ್ಳಲು ನೋಡಿದೆ. ಆಗಲಿಲ್ಲ. ಹರಿಗೋಲನ್ನು ಸದ್ದಾಗದಂತೆ, ಮಲಗಿದವರಿಗೆ ಹೊದಿಕೆ ಹೊದಿಸುವ ಹಾಗೆ, ಮೊದಲಿನಂತೆ ಮುಚ್ಚಿ ಬಂದೆ. ಅಂದು ಎಂಟನೆಯ ತರಗತಿಗೆ ಹಿಂದಿನ ದಿನದ ಪಾಠವನ್ನೇ ಮತ್ತೆ ಮಾಡಿದೆನಂತೆ.

ಎಲ್ಲಕ್ಕಿಂತ ಕೆಟ್ಟದ್ದು ಗಾಳಿ ಪೂರ್ತಿ ನಿಂತುಹೋದ ಸಂಜೆ. ಕೆರೆಯ ನಡುವೆ ಮೂವರೂ ಸಿಕ್ಕಿಬಿದ್ದಿದ್ದೆವು. ಹಾಯಿಗಳು ಜೋತುಬಿದ್ದಿದ್ದವು. ಬೆಳ್ಳಕ್ಕಿಗಳು ಹಾರಿ ಹೋಗಿದ್ದವು. ಗಿರಣಿಯ ಮಷೀನು ನಿಂತ ಮೇಲೆ ಎಷ್ಟು ಸದ್ದಿಲ್ಲದಂತಾಯಿತೆಂದರೆ, ದೂರದಲ್ಲಿ ಶರಣಪ್ಪ ಮೂಗಿನಿಂದ ಉಸಿರಾಡುವುದೂ ನನಗೆ ಕೇಳುತ್ತಿತ್ತು. ಆಗ ಹಿಂದೆ ನೀರು ಮೆಲ್ಲಗೆ ಸೀಳಿದ ಸದ್ದಾಯಿತು. ತಿರುಗಿ ನೋಡಿದರೆ ಸಣ್ಣ ಹರಿಗೋಲು ಬರುತ್ತಿದೆ. ಅದರ ಹಾಯಿಯೂ ಜೋತುಬಿದ್ದಿತ್ತು. ಅವಸರವಿಲ್ಲದೆ, ನೇರವಾಗಿ, ತನ್ನ ದಾರಿಯಲ್ಲಿ ನಾನಿದ್ದೇನೆ ಎಂಬಂತೆ ಬಂತು. ಕಲ್ಲು ನಡುವೆ ಇರಲಿಲ್ಲ. ಹಿಂದಿನ ಅಂಚಿನಲ್ಲಿ, ಹುಟ್ಟು ಹಾಕುವವನು ಕೂಡುವ ಜಾಗದಲ್ಲಿ ಇತ್ತು.

ನಾನು ಆಗ ಮಾಡಿದ್ದನ್ನು ಕೇಳಿ. ಕೂಗಲಿಲ್ಲ, ದೇವರ ಹೆಸರು ಹೇಳಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಬಂದವರಿಗೆ ಸರಿಯುವ ಹಾಗೆ ಸ್ವಲ್ಪ ಸರಿದು ಕುಳಿತು, "ಹೋಗ್ರಿ, ನೀವು ಮುಂದ ಹೋಗ್ರಿ" ಎಂದೆ. ಅದು ನನ್ನ ಹರಿಗೋಲಿಗೆ ಒಂದಿಷ್ಟು ತಾಗಿ ಮುಂದೆ ಹೋಯಿತು. ಅದು ಹೋದದ್ದಕ್ಕಿಂತ ನನ್ನ ಬಾಯಿಂದ ಬಂದ ಬಹುವಚನಕ್ಕೆ ನಾನು ಹೆಚ್ಚು ಹೆದರಿದೆ. ಅಲ್ಲಿಯವರೆಗೆ ಅದು ಕಲ್ಯಾ ಆಗಿತ್ತು, ನಾವು ಲೇ ಎನ್ನುತ್ತಿದ್ದೆವು. ಅಂದಿನಿಂದ ಕಲ್ಲಪ್ಪನವರು.

ಮರುದಿನ ನಾನು ಇಬ್ಬರಿಗೂ ಎಲ್ಲವನ್ನೂ ಹೇಳಿದೆ, ಬೆಳಗಿನ ಒದ್ದೆ ಕಲ್ಲಿನ ವಿಷಯವನ್ನೂ ಹೇಳಿದೆ. ಅದನ್ನು ಎಲ್ಲಿಂದ ಎತ್ತಿದೆವೋ ಅಲ್ಲೇ ಎಸೆದುಬಿಡೋಣ ಎಂದೆ. ಕೇಳಿಸಿಕೊಳ್ಳುತ್ತಿದ್ದ ಶರಣಪ್ಪನ ತಾಯಿ ಹೊರಸಿನ ಮೇಲಿಂದಲೇ ತಲೆಯಾಡಿಸಿದರು.

"ಕೆಲಸ ಮುಗಿದ ದಿನಾನ ಒಗದಿದ್ರ ಅದು ಕಲ್ಲು. ನೀವು ಕುಂಡ್ರಿಸೀರಿ, ಹೆಸರಿಟ್ಟೀರಿ, ಎಡಿ ಹಾಕೀರಿ. ಈಗ ಅದು ಮಂದ್ಯಾಗ ಕುಂತದ. ಕುಂತವರನ್ನ ಹ್ಯಾಂಗ ಒಗಿತೀರಿ ಮಾಸ್ತರ?"

"ಹಂಗಾದ್ರ ಒಂದು ಮಾತು ಹೇಳ್ತೀನಿ" ಎಂದೆ ನಾನು. ಶಾಲೆಯಲ್ಲಿ ಇಂಥ ಮಾತು ಹೇಳಿ ಅಭ್ಯಾಸ. "ಒಂದೋ ಅದು ಇರಬೇಕು, ಇಲ್ಲ ನಾ ಇರಬೇಕು."

ಇದಕ್ಕೆ ಇಬ್ಬರೂ ಕೂಡಲೆ ಉತ್ತರ ಕೊಡುತ್ತಾರೆ ಎಂದುಕೊಂಡಿದ್ದೆ. ಖಾಜಾ ಬಿದಿರಿನ ಗಂಟನ್ನು ಉಗುರಿನಿಂದ ಕೆರೆಯುತ್ತ ಕುಳಿತ. ಶರಣಪ್ಪ ಕೆರೆಯ ಕಡೆ ನೋಡಿದ, ಗಿರಣಿಯ ಕಡೆ ನೋಡಿದ, ನನ್ನ ಕಡೆ ಮಾತ್ರ ನೋಡಲಿಲ್ಲ. ಅದನ್ನು ನೋಡುತ್ತ ನನಗೆ ಕಲ್ಲಿನ ಹೆದರಿಕೆ ಹೋಗಿ ಬೇರೆಯೇ ಹೆದರಿಕೆ ಬಂತು. ಕೊನೆಗೆ ಶರಣಪ್ಪ, "ಹಂಗಲ್ರಿ ಮಾಸ್ತರ್. ನೀವು ಸಿಟ್ಟಿನ್ಯಾಗ ಅದೀರಿ. ಒಂದೆರಡು ದಿನ ಮನ್ಯಾಗ ಆರಾಮ ಮಾಡ್ರಿ" ಎಂದ. ತುಂಬ ಮೆದುವಾಗಿ ಹೇಳಿದ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆರಾಮ ಮಾಡಿದೆ. ಸಂಜೆಯಾದರೆ ಮಾಳಿಗೆ ಹತ್ತಿ ಕೆರೆಯ ಕಡೆ ನೋಡುತ್ತ ನಿಲ್ಲುತ್ತಿದ್ದೆ. ಮನೆಗಳ ಆಚೆ ನೀರಿನ ಒಂದು ತುಣುಕು ಮಾತ್ರ ಕಾಣುತ್ತದೆ. ಸುಧಾ ಬಟ್ಟೆ ತೆಗೆಯಲು ಮೇಲೆ ಬಂದವಳು, "ಒಂದು ಕಲ್ಲಿನ ಜೋಡಿ ಹೊಂದ್ಕೊಂಡು ಹೋಗಲಿಕ್ಕೆ ಆಗಲಿಲ್ಲ ನಿಮಗ. ನನ್ನ ಜೋಡಿ ಇಷ್ಟು ವರ್ಷ ಹ್ಯಾಂಗ ಇದ್ದೀರೋ" ಎಂದಳು. ನನಗೆ ನಗು ಬರಲಿಲ್ಲ. ಇಬ್ಬರು ಮನುಷ್ಯರು ಯೋಚನೆ ಮಾಡಿ, ಅಳೆದು ತೂಗಿ, ನನ್ನನ್ನು ಬಿಟ್ಟು ಕಲ್ಲನ್ನು ಇಟ್ಟುಕೊಂಡಿದ್ದರು. ಮತ್ತೆ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲಬೇಕೇನೋ ಎಂದು ಒಂದು ಸಂಜೆ ಚಪ್ಪಲಿ ಮೆಟ್ಟಿಕೊಂಡೂ ಆಗಿತ್ತು. ಆಗ ಬಾಗಿಲಲ್ಲಿ ಶರಣಪ್ಪನ ಬೈಕು ನಿಂತಿತು. ಹಿಂದೆ ಖಾಜಾ ಕುಳಿತಿದ್ದ.

"ನಡೀರಿ ಮಾಸ್ತರ್" ಎಂದ ಶರಣಪ್ಪ. "ನೀವು ಇಲ್ಲಂದ್ರ ನಡಿಯಂಗಿಲ್ಲ. ನಿಮ್ಮನ್ನ ಕರ್ಕೊಂಡು ಬರೂತನಕ ನೀರಿಗಿ ಇಳಿಬ್ಯಾಡ್ರಿ ಅಂತ ಯವ್ವ ಬಾಗಲಾಗ ಕುಂತಾಳ."

ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಆ ಮುದುಕಿಗೆ ನನ್ನ ಮೇಲೆ ಇಷ್ಟು ಅಂತಃಕರಣ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಖಾಜಾ, "ಹೌದ್ರಿ ಸಾಬ್. ನಾನು, ಶರಣಪ್ಪ, ಕಲ್ಲಪ್ಪನವರು. ಎಣಿಸಿ ನೋಡ್ರಿ, ಮೂರಾತು" ಎಂದ.

ಎಣಿಸಿ ನೋಡಿದೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. "ಆ ನೀರಿನ ಮ್ಯಾಲ ನನ್ನ ಕೈಕಾಲು ಆಡಂಗಿಲ್ಲ. ಹಗ್ಗ ಹಿಡಿಯೂದು, ಗಳ ತಿರುಗಿಸೂದು ನನ್ನಿಂದ ಆಗೂದಿಲ್ಲ" ಎಂದೆ.

"ನೀವು ಏನೂ ಮುಟ್ಟಬ್ಯಾಡ್ರಿ" ಎಂದ ಶರಣಪ್ಪ. "ನಡಬರಕ ಸುಮ್ನ ಕುಂಡ್ರಿ, ಸಾಕು."

ಹೋದೆ. ಈಗ ದಿನಾ ಸಂಜೆ ಇಬ್ಬರೂ ನನ್ನ ರಟ್ಟೆ ಹಿಡಿದು ಹರಿಗೋಲಿಗೆ ಇಳಿಸುತ್ತಾರೆ, ನಡುವೆ ಕೂಡಿಸುತ್ತಾರೆ, ಮುಖವನ್ನು ಪಂಪ್‌ಹೌಸಿನ ಕಡೆ ಮಾಡುತ್ತಾರೆ. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತೇನೆ. ಮೊದಮೊದಲು ಹೆದರಿಕೆಯಿಂದ ಕೂಡುತ್ತಿದ್ದೆ, ಬರಬರುತ್ತ ಸುಮ್ಮನೆ ಕೂಡುವುದು ಅಷ್ಟೇನೂ ಕಷ್ಟವಲ್ಲ ಅನ್ನಿಸಿತು. ನನ್ನ ಹರಿಗೋಲು ತಿರುಗುವುದನ್ನು ನಿಲ್ಲಿಸಿದೆ. ಅದನ್ನು ಮೊದಲು ಗಮನಿಸಿದವನು ಖಾಜಾ. ಕಲ್ಲಪ್ಪನವರು ಒಂದು ಕೈ ದೂರದಲ್ಲಿ ಬರುತ್ತಾರೆ, ಹಾದು ಹೋಗುವಾಗ ನಾನು ಈಗ ಸರಿಯುವುದಿಲ್ಲ.

ನಿನ್ನೆ ಸಂಜೆ ಗಾಳಿ ಎದುರಿನಿಂದ ಬೀಸುತ್ತಿತ್ತು. ಶರಣಪ್ಪ, ಖಾಜಾ ಏರಿಗೆ ಒತ್ತಿಕೊಂಡು ನಿಂತಲ್ಲೇ ತಿರುಗುತ್ತಿದ್ದರು. ನಾನು ಮೊದಲು ಬಂದೆ. ಕಲ್ಲಪ್ಪನವರು ಎರಡನೆಯವರಾಗಿ ಬಂದು ನನ್ನ ಪಕ್ಕಕ್ಕೆ ನಿಂತರು. ಇಷ್ಟು ತಿಂಗಳು ಕಾದ ಗೆಲುವು ಅದು, ಸಂತೋಷವಾಗಬೇಕಿತ್ತು, ಆಗಲಿಲ್ಲ. ಬೇಸರವೂ ಆಗಲಿಲ್ಲ. ಗೆಳೆಯರು ಏರಿಯ ಮೇಲೆ ನಡೆದು ಬಂದು ಸ್ವಲ್ಪ ದೂರದಲ್ಲೇ ನಿಂತರು, ಮಿರ್ಚಿಯ ಪೊಟ್ಟಣ ಬಿಚ್ಚಿ ಎರಡು ಪಾಲನ್ನು ನಮ್ಮಿಬ್ಬರ ಮುಂದಿಟ್ಟು, ಆಚೆ ಹೋಗಿ ಕುಳಿತು ತಮ್ಮದನ್ನು ತಿಂದರು. ನನಗೆ ಹಸಿವಿರಲಿಲ್ಲ.

ಮನೆಗೆ ಬಂದಾಗ ಸುಧಾ ಅಡುಗೆಮನೆಯಿಂದಲೇ, "ಇವತ್ತೂ ಕಲ್ಲೇ ಗೆದ್ದತೇನ್ರಿ?" ಎಂದು ಕೇಳಿದಳು.

ಹೌದೆಂದೆ. ಸುಳ್ಳು ಹೇಳಿದ ಹಾಗೆ ನನಗೇನೂ ಅನ್ನಿಸಲಿಲ್ಲ.